ಮೊದಲ ಆದಿತ್ಯವಾರದ ಸೋಲುಗಳು

ನನ್ನ ಬಾಯಿ ಜೋರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಓದುವವರು ನನ್ನನ್ನು ಯಾವುದೋ ಸಾಧು ಹೆಂಗಸು ಎಂದುಕೊಂಡಾರು. ಕುಂದಾಪುರದಲ್ಲಿ ಹುಟ್ಟಿ ಬೆಳೆದವರ ಮಾತು ಹೇಗೂ ಓಟದ ಮಾತು. ಅರ್ಧ ಅಕ್ಷರ ನುಂಗಿ ಉಳಿದರ್ಧದಲ್ಲೇ ಕೆಲಸ ಮುಗಿಸುವವರು ನಾವು. ಅದರಲ್ಲೂ ನಾನು ನಮ್ಮ ಮನೆಯಲ್ಲಿ ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ಎದುರಿನವರು ಬಾಯಿ ತೆರೆಯುವಷ್ಟರಲ್ಲಿ ಅವರ ಪ್ರಶ್ನೆಯನ್ನೂ ನಾನೇ ಹೇಳಿ, ಉತ್ತರವನ್ನೂ ನಾನೇ ಕೊಟ್ಟು, ಒಳಗೆ ಹೋಗಿ ಆಗಿರುತ್ತಿತ್ತು. ಇಂಥವಳು ಮಾತು ತೊದಲುವ ಮಕ್ಕಳ ಎದುರು ಮೂವತ್ತು ವರ್ಷ ಸುಮ್ಮನೆ ಕೂತಿದ್ದಳು ಎಂದರೆ ನನ್ನ ತಮ್ಮ ಈಗಲೂ ನಂಬುವುದಿಲ್ಲ. ನಂಬದಿದ್ದರೆ ಬೇಡ. ನನಗೆ ಹಾಗೆ ಕೂರುವುದನ್ನು ಕಲಿಸಿದವರು ಒಬ್ಬರಿದ್ದರು. ಅವರನ್ನು ನೆನೆಸಿಕೊಳ್ಳದೆ ನನಗೆ ಒಂದು ವಾರವೂ ಕಳೆಯುವುದಿಲ್ಲ.

ಯುದ್ಧದ ಕಾಲ. ನಾನು ಮಂಗಳೂರಿನಲ್ಲಿ ಟ್ರೈನಿಂಗ್ ಮುಗಿಸಿ ಬಂದು, ಕುಂದಾಪುರದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಟೀಚರಾಗಿ ಎರಡು ವರ್ಷವಾಗಿತ್ತು. ಮೂರನೆಯ ಕ್ಲಾಸು, ನಲವತ್ತು ಹುಡುಗಿಯರು. ಅವರಲ್ಲಿ ಒಬ್ಬಳು ಹಂಚಿನ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಗಳು. ಎಂಟು ವರ್ಷ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಕೈಬರಹ ಮುತ್ತು ಪೋಣಿಸಿದ ಹಾಗೆ. ಲೆಕ್ಕದಲ್ಲಿ ಇಡೀ ಕ್ಲಾಸಿಗೆ ಮೊದಲು. ಆದರೆ ಬಾಯಿ ತೆರೆದರೆ ಮೊದಲಕ್ಷರ ಹಿಡಿದು ನಿಲ್ಲಿಸಿಬಿಡುತ್ತಿತ್ತು. ಕತ್ತಿನ ನರ ಉಬ್ಬಿ, ಕಣ್ಣು ರೆಪ್ಪೆ ಬಡಿದು, ಕೊನೆಗೆ ಒಂದು ಮಾತು ಹೊರಗೆ ಬರುವಷ್ಟರಲ್ಲಿ ಕೇಳುವವರಿಗೂ ಉಸಿರು ಕಟ್ಟುತ್ತಿತ್ತು.

ಅವಳ ತಾಯಿ ಬಜೆ ತೇದು ನಾಲಗೆಗೆ ಹಚ್ಚಿದ್ದಳು, ಜೇನು ನೆಕ್ಕಿಸಿದ್ದಳು, ದೇವರಿಗೆ ಬೆಳ್ಳಿಯ ನಾಲಗೆ ಮಾಡಿಸಿ ಒಪ್ಪಿಸುತ್ತೇನೆಂದು ಹರಕೆ ಹೊತ್ತಿದ್ದಳು. ನಾನು ಮಾಡಿದ ಔಷಧಿ ಇವೆಲ್ಲಕ್ಕಿಂತ ಕೆಟ್ಟದ್ದು. ಅವಳ ಮಾತನ್ನು ನಾನೇ ಪೂರ್ತಿ ಮಾಡುತ್ತಿದ್ದೆ. ಅವಳು ‘ಮ’ ಎನ್ನುವಷ್ಟರಲ್ಲಿ ನಾನು ಮಳೆಯೋ ಮನೆಯೋ ಮಾವಿನಹಣ್ಣೋ ಎಂದು ಒಂದೊಂದೇ ಎಸೆಯುತ್ತಿದ್ದೆ. ಸಹಾಯ ಮಾಡುತ್ತಿದ್ದೇನೆ ಎಂದೇ ನನ್ನ ಭಾವನೆ.

ಒಂದು ದಿನ ಏಳರ ಮಗ್ಗಿ. ಸರದಿಯಂತೆ ಅವಳು ಎದ್ದು ನಿಂತಳು. ಬಾಯಲ್ಲಿ ‘ಏ’ ಎಂಬಲ್ಲೇ ನಿಂತುಹೋಯಿತು. ಹೊರಗೆ ಆಷಾಢದ ಮಳೆ, ಹಂಚಿನ ಮೇಲೆ ಬಡಿಯುವ ಶಬ್ದ, ನನಗೆ ಬೆಳಗ್ಗಿನಿಂದ ತಲೆನೋವು. ಅಕ್ಕಿಯ ರೇಶನ್ನಿಗೆ ನಿಂತು ಬಂದಿದ್ದೆ. ಇವೆಲ್ಲ ನೆವ. ನಿಜ ಏನೆಂದರೆ ನನಗೆ ಸಿಟ್ಟು ಬಂತು. ನಾನು ಅವಳ ಹಾಗೆಯೇ ಕತ್ತು ಚಾಚಿ, ಕಣ್ಣು ಬಡಿದು, ‘ಏ, ಏ, ಏ’ ಎಂದು ಅಣಕಿಸಿ ತೋರಿಸಿದೆ.

“ಸಾಕ್, ಕೂಕೋ. ನಿನ್ ಮಗ್ಗಿ ಮುಗುದ್ರೊಳ್ಗೆ ಶಾಲಿಗೆ ದೊಡ್ಡ್ ರಜೆ ಸಿಕ್ಕತ್ತ್,” ಎಂದೆ.

ನಲವತ್ತು ಹುಡುಗಿಯರೂ ನಕ್ಕರು. ಅವಳು ಕೂತಳು. ಅಳಲಿಲ್ಲ. ಆ ದಿನದಿಂದ ಶಾಲೆಯಲ್ಲಿ ಒಂದಕ್ಷರವನ್ನೂ ಆಡಲಿಲ್ಲ. ಏನು ಕೇಳಿದರೂ ಸ್ಲೇಟಿನಲ್ಲಿ ಬರೆದು ತೋರಿಸುವುದು, ಇಲ್ಲವೇ ತಲೆ ಆಡಿಸುವುದು. ಮೊದಲ ವಾರ ನಾನು ಹಟವೆಂದುಕೊಂಡೆ. ಎರಡನೆಯ ವಾರ ಹೆದರಿದೆ. ಒಂದು ತಿಂಗಳಾಗುವಾಗ ಅವಳ ತಾಯಿ ಶಾಲೆಯ ಬಾಗಿಲಿಗೆ ಬಂದು, ಈಗ ಮನೆಯಲ್ಲೂ ಮಾತು ಕಡಿಮೆಯಾಗಿದೆ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಏನಾಯಿತೆಂದು ನನ್ನನ್ನೇ ಕೇಳಿದಳು. ಗೊತ್ತಿಲ್ಲ ಎಂದೆ.

ಆ ಸುಳ್ಳು ಹೇಳಿದ ಮೇಲೆ ನನಗೆ ಊಟ ಸೇರುತ್ತಿರಲಿಲ್ಲ. ಯಾರನ್ನಾದರೂ ಕೇಳೋಣವೆಂದರೆ ಯಾರನ್ನು ಕೇಳುವುದು? ಹೆಡ್‌ಮಾಸ್ಟರಿಗೆ ಮಾತಿಲ್ಲದ ಹುಡುಗಿ ಎಂದರೆ ಗಲಾಟೆಯಿಲ್ಲದ ಹುಡುಗಿ, ಅಷ್ಟೇ. ಡಾಕ್ಟರು ಬಾಯಿ ತೆರೆಸಿ ನೋಡಿ ನಾಲಗೆ ಸರಿಯಿದೆ ಎಂದರು. ಟ್ರೈನಿಂಗಿನಲ್ಲಿ ನಮಗೆ ಗುಲಾಬಿ ಹೂವಿನ ಪಾಠ ಹೇಗೆ ಮಾಡಬೇಕೆಂದು ಕಲಿಸಿದ್ದರೇ ಹೊರತು, ಮಾತು ನಿಂತ ಮಗುವಿನ ಎದುರು ಟೀಚರು ಏನು ಮಾಡಬೇಕೆಂದು ಯಾರೂ ಹೇಳಿರಲಿಲ್ಲ. ಈಗ ಈ ಕೆಲಸಕ್ಕೆ ಒಂದು ಓದು ಇದೆ. ಅದನ್ನು ಓದಿದವರಿಗೆ ದಾರಿ ತೋರಿಸುವ ಹಿರಿಯರಿರುತ್ತಾರೆ, ಕಷ್ಟ ಹೇಳಿಕೊಳ್ಳಲು ಜೊತೆಯವರಿರುತ್ತಾರೆ, ವರ್ಷಕ್ಕೊಮ್ಮೆ ಸೇರಿ ಮಾತಾಡುತ್ತಾರೆ ಎಂದೆಲ್ಲ ಕೇಳಿದ್ದೇನೆ. ಕೇಳಿದಾಗ ಹೊಟ್ಟೆಕಿಚ್ಚಾಗುತ್ತದೆ. ಸುಳ್ಳು ಯಾಕೆ ಹೇಳಲಿ?

ನನ್ನ ಚಿಕ್ಕಮ್ಮನನ್ನು ಬ್ರಹ್ಮಾವರಕ್ಕೆ ಕೊಟ್ಟಿದ್ದರು. ಅವಳು ಚೌತಿಗೆ ಬಂದಾಗ ಹೇಳಿದಳು: “ನಮ್ಮ ಮನಿ ಹತ್ರ ಒಬ್ರ್ ಇದ್ರ್ ಮಾರಾಯ್ತಿ. ಮದ್ರಾಸಗೆ ಕಿವಿ ಕೇಳದ್ ಮಕ್ಕಳ ಶಾಲ್ಯಗೆ ಇದ್ದವ್ರ್. ಜಪಾನಿನವ್ರ್ ಬಾಂಬ್ ಹಾಕ್ತ್ರ್ ಅಂದ್ಹೇಳಿ ಊರಿಗ್ ಬಂದ್ರ್. ಎಲ್ಲರೂ ಮದ್ರಾಸ್ ಅಕ್ಕ ಅಂದೇ ಕರೆತ್ರ್. ಒಂದ್ಸಲ ಬಂದ್ ಕಾಣ್.”

ಮಳೆ ಬಿಟ್ಟ ಮೇಲೆ ಹೊರಟೆ. ಆಗ ಪೆಟ್ರೋಲಿಗೆ ಬರ, ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು. ಅದು ಹೊಗೆ ಕಾರುತ್ತಾ ಕೋಟೇಶ್ವರ ದಾಟಿ, ಕೋಟ, ಸಾಲಿಗ್ರಾಮ ದಾಟುವಷ್ಟರಲ್ಲಿ ನನ್ನ ಬಿಳಿ ಸೀರೆ ಬೂದಿಬಣ್ಣವಾಗಿತ್ತು. ಮಾಬುಕಳದಲ್ಲಿ ಸೇತುವೆ ಇರಲಿಲ್ಲ, ಕಡವಿನಲ್ಲಿ ದೋಣಿ. ಹೊಳೆ ದಾಟಿದರೆ ಆಚೆ ಬದಿಯಲ್ಲಿ ಬಸ್ಸು ಸಿಕ್ಕಿದರೆ ಬಸ್ಸು, ಇಲ್ಲದಿದ್ದರೆ ನಡಿಗೆ. ಆ ದಿನ ನಡೆದೆ.

ಅಕ್ಕ ಅರುವತ್ತರ ಹತ್ತಿರದವರು. ಸಣ್ಣ ಆಳು, ಕತ್ತರಿಸಿದ ಹಾಗೆ ನೇರ ಬೆನ್ನು. ಮದುವೆಯಾದ ಎರಡೇ ವರ್ಷಕ್ಕೆ ಗಂಡ ತೀರಿಕೊಂಡು, ಅಣ್ಣನ ಜೊತೆ ಮದ್ರಾಸಿಗೆ ಹೋದವರು. ಆ ಶಾಲೆಯಲ್ಲಿ ಮೊದಲು ಮಕ್ಕಳ ತಲೆ ಬಾಚುವ ಆಯಾ, ಆಮೇಲೆ ನೋಡುತ್ತ ನೋಡುತ್ತ ಕಲಿತು ಟೀಚರು. ಅಣ್ಣನೂ ಹೋದ ಮೇಲೆ ಒಬ್ಬರೇ ಬಂದು, ಹಿರಿಯರ ಕಾಲದ ಮನೆಯ ಎರಡು ಕೋಣೆ ಒರೆಸಿಕೊಂಡು ಇದ್ದರು. ಜಗಲಿಯಲ್ಲಿ ಒಂದು ಕೈಗನ್ನಡಿ, ತೆಳ್ಳಗೆ ಕತ್ತರಿಸಿದ ಕಾಗದದ ಪಟ್ಟಿಗಳು. ತುಟಿಯ ಮುಂದೆ ಪಟ್ಟಿ ಹಿಡಿದು ‘ಪ’ ಎಂದರೆ ಹಾರುತ್ತದೆ, ‘ಮ’ ಎಂದರೆ ಹಾರುವುದಿಲ್ಲ. ಕಿವಿ ಕೇಳದ ಮಕ್ಕಳಿಗೆ ಕಣ್ಣಿನಲ್ಲಿ ಅಕ್ಷರ ತೋರಿಸುವ ಉಪಾಯ ಅದು.

ನಾನು ಕೂರುವ ಮೊದಲೇ ನನ್ನ ಹುಡುಗಿಯ ಕತೆ ಶುರುಮಾಡಿದೆ. ಅವಳ ಕತ್ತು, ಅವಳ ಕಣ್ಣು, ಬಜೆ, ಜೇನು, ಹರಕೆ, ಈಗಿನ ಮೌನ. ಅಣಕಿಸಿದ್ದನ್ನು ಬಿಟ್ಟು ಎಲ್ಲ ಹೇಳಿದೆ. ಅಕ್ಕ ನನ್ನನ್ನೇ ನೋಡುತ್ತಿದ್ದರು. ಮುಗಿದ ಮೇಲೆ ಹೇಳಿದರು:

“ಆ ಹೆಣ್ಣಿನ್ ಮಾತ್ ಆಮೇಲ್ ಕಾಂಬ. ನೀ ಉಸ್ರ್ ಯಾವಾಗ್ ತೆಕಂತೆ?”

ನನಗೆ ಮುಖಕ್ಕೆ ಹೊಡೆದಂತಾಯಿತು. ಎದ್ದು ಹೋಗಿಬಿಡೋಣ ಎನ್ನಿಸಿತು. ಆದರೆ ಅಕ್ಕ ಅಷ್ಟರಲ್ಲಿ ಒಳಗೆ ಹೋಗಿ ಜೀರಿಗೆ ಕಷಾಯ ತಂದಿಟ್ಟರು, ಬೆಲ್ಲ ಹಾಕಿದ್ದು. ಸಕ್ಕರೆ ಎಲ್ಲಿಯ ಮಾತು ಆಗ? ಬಿಸಿ ಕಷಾಯ ಬಿಟ್ಟು ಹೋಗುವ ಜಾತಿಯವಳಲ್ಲ ನಾನು.

ಅಲ್ಲಿ ಇನ್ನೊಬ್ಬರಿದ್ದರು, ಬೈಂದೂರಿನ ಒಬ್ಬರು ಮಾಸ್ಟರು. ನಲವತ್ತು ದಾಟಿದ ದೊಡ್ಡ ಹೊಟ್ಟೆಯ ಮನುಷ್ಯ. ಅವರ ತಾಯಿಗೆ ಲಕ್ವ ಹೊಡೆದು ಮಾತು ಹೋಗಿ, ಒಂದೇ ಒಂದು ಶಬ್ದ ಉಳಿದಿತ್ತಂತೆ: ‘ಹೌದ್’. ಹಸಿವಾದರೂ ಹೌದ್, ಬೇಡವಾದರೂ ಹೌದ್, ಸಿಟ್ಟು ಬಂದರೂ ಹೌದ್. ಆ ಮುದುಕಿಗೆ ಇನ್ನೊಂದು ಶಬ್ದವನ್ನಾದರೂ ವಾಪಸು ಕೊಡಿಸಬೇಕೆಂದು ಅವರು ಅಕ್ಕನ ಹತ್ತಿರ ಬಂದವರು. ಶನಿವಾರವೇ ಹೊರಟು, ಹೊಳೆಗಳನ್ನು ದಾಟಿ, ಕೋಟೇಶ್ವರದ ತಂಗಿಯ ಮನೆಯಲ್ಲಿ ಉಳಿದು, ಆದಿತ್ಯವಾರ ಬೆಳಗ್ಗೆ ಅವಲಕ್ಕಿಯ ಗಂಟಿನೊಂದಿಗೆ ಬ್ರಹ್ಮಾವರ ಮುಟ್ಟುತ್ತಿದ್ದರು. ಬೈಂದೂರಿನಲ್ಲಿ ಈಗ ಅವರ ಹತ್ತಿರವೂ ನಾಲ್ಕೈದು ಜನ ಬರತೊಡಗಿದ್ದರು. ಅಮ್ಮನಿಗೆ ಕಲಿಸುವುದು ನೋಡಿ, ತಮಗೂ ಕಲಿಸಿ ಎಂದು.

ಹೊರಡುವಾಗ ಅಕ್ಕ ಹೇಳಿದರು: “ತಿಂಗ್ಳಿನ್ ಮೊದ್ಲಿನ್ ಐತ್ವಾರ ಬಾ. ಬಪ್ಪತಿಗೆ ಒಂದ್ ಸೋತದ್ದ್ ತಕಂಡ್ ಬಾ. ಗೆದ್ದದ್ದ್ ಬ್ಯಾಡ, ಅದ್ನ ನಿನ್ ಮನ್ಯಗೆ ಹೇಳ್ಕೊ.”

ಹೀಗೆ ನಮ್ಮ ಆದಿತ್ಯವಾರಗಳು ಶುರುವಾದವು. ಅದಕ್ಕೊಂದು ಕ್ರಮವಿತ್ತು. ಸರದಿಯಂತೆ ಒಬ್ಬರು ತಮ್ಮ ಆ ತಿಂಗಳ ಸೋಲು ಹೇಳಬೇಕು. ಹೇಳುವವರಿಗೆ ಕಷಾಯವಿಲ್ಲ. ಕೇಳುವವರಿಗೆ ತುಂಬಿದ ಲೋಟ, ಕೈ ಸುಡುವಷ್ಟು ಬಿಸಿ. ಆ ಲೋಟ ಖಾಲಿಯಾಗುವ ತನಕ ಕೇಳುವವರು ತುಟಿ ಬಿಚ್ಚುವ ಹಾಗಿಲ್ಲ. ಖಾಲಿಯಾದ ಮೇಲೆ ಕೇಳಬಹುದು, ಬರೀ ಪ್ರಶ್ನೆ. ಅವನ ವಯಸ್ಸೆಷ್ಟು, ಅವಳು ಯಾರ ಹತ್ತಿರ ಮಾತಾಡುತ್ತಾಳೆ, ನೀನು ಆಗ ಎಲ್ಲಿ ಕೂತಿದ್ದೆ. ಪ್ರಶ್ನೆ ಎಲ್ಲ ಮುಗಿದ ಮೇಲೆ, ಊಟವೂ ಆದ ಮೇಲೆ, ಹೀಗೆ ಮಾಡಿ ನೋಡು ಎಂಬ ಮಾತು. ನಾನು ಮೊದಲ ಎರಡು ತಿಂಗಳು ಕಷಾಯವನ್ನು ಗಟಗಟ ಕುಡಿದು ನಾಲಗೆ ಸುಟ್ಟುಕೊಂಡೆ. ಬೈಂದೂರಿನ ಮಾಸ್ಟರು ಹೊಟ್ಟೆ ಕುಲುಕಿಸಿ ನಗುತ್ತಿದ್ದರು.

“ಟೀಚರಿಗೆ ತಣ್ಣೀರ್ ಕೊಡಿ ಅಕ್ಕ. ಬುದ್ಧಿ ಹೇಳುಕೆ ಗಡ್‌ಬಿಡಿ ಅವ್ರಿಗೆ!”

ಆ ಜಗಲಿಯಲ್ಲಿ ಸಿಕ್ಕಿದ ಸುಖ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಅಲ್ಲಿ ಯಾರೂ ನನ್ನನ್ನು ಹೊಗಳಲಿಲ್ಲ. ಆದರೆ ಸೋತೆ ಎಂದು ಹೇಳಿದಾಗ ಯಾರೂ ಹುಬ್ಬೇರಿಸಲಿಲ್ಲ. ನನ್ನ ಊರಿನಲ್ಲಿ ಆಗಲೇ ನನ್ನನ್ನು ಮಾತು ಬಿಡಿಸುವ ಟೀಚರು ಎಂದು ಕರೆಯತೊಡಗಿದ್ದರು. ಅಕ್ಕನ ಹತ್ತಿರ ಕಲಿತದ್ದನ್ನು ಒಂದಿಬ್ಬರು ಮಕ್ಕಳ ಮೇಲೆ ಪ್ರಯೋಗ ಮಾಡಿದ್ದೆ. ಅವರೊಂದಿಗೆ ದನಿ ಸೇರಿಸಿ ನಿಧಾನ ಓದುವುದು, ಕಾಯುವುದು, ಹೀಗೆ. ಅವರಲ್ಲಿ ಸ್ವಲ್ಪ ಗುಣ ಕಂಡಿತ್ತು. ಊರಿನವರಿಗೆ ಅದೇ ದೊಡ್ಡದು. ನನಗೆ ಅವರ ಹೊಗಳಿಕೆ ಕೇಳಿದಾಗಲೆಲ್ಲ ಆ ಎರಡು ಜಡೆಯ ಹುಡುಗಿ ಸ್ಲೇಟು ಎತ್ತಿ ಹಿಡಿದದ್ದೇ ಕಣ್ಣಿಗೆ ಕಟ್ಟುತ್ತಿತ್ತು. ತಿಂಗಳು ತಿಂಗಳೂ ಅವಳ ಮೌನವನ್ನೇ ಸೋಲೆಂದು ಹೇಳುತ್ತಿದ್ದೆ. ಅದು ಎಲ್ಲಿಂದ ಶುರುವಾಯಿತು ಎಂಬಲ್ಲಿಗೆ ಬಂದಾಗ ಮಾತು ತಿರುಗಿಸುತ್ತಿದ್ದೆ. ಅಕ್ಕ ಹೇಳಿಕೊಟ್ಟ ಒಂದು ಉಪಾಯವೂ ಅವಳಿಗೆ ತಾಗಲಿಲ್ಲ. ಹೇಗೆ ತಾಗೀತು? ರೋಗ ಅವಳದ್ದಲ್ಲ, ನನ್ನದು.

ಮಕರ ಸಂಕ್ರಾಂತಿ ಕಳೆದು ಒಂದು ವಾರಕ್ಕೆ ಅಕ್ಕ ತಾವೇ ಕುಂದಾಪುರಕ್ಕೆ ಬಂದರು. “ನೀ ಪಾಠ ಮಾಡುದ್ ಕಾಣ್ಕ್,” ಎಂದಿದ್ದರು, ನೋಡಲು ಬಂದೇಬಿಟ್ಟರು. ಕೊಡೆ ಹಿಡಿದು, ಇದ್ದಿಲ ಹೊಗೆಯಲ್ಲಿ ಮಿಂದು ಬಂದ ಆ ಸಣ್ಣ ಆಳನ್ನು ನಮ್ಮ ಹೆಡ್‌ಮಾಸ್ಟರು ಯಾವುದೋ ಇನ್ಸ್‌ಪೆಕ್ಟರರ ತಾಯಿ ಇರಬೇಕೆಂದು ತಿಳಿದು ಕುರ್ಚಿ ತರಿಸಿದರು. ಅಕ್ಕ ಕುರ್ಚಿ ಬಿಟ್ಟು ಹಿಂದಿನ ಸಾಲಿನ ಚಾಪೆಯಲ್ಲಿ ಮಕ್ಕಳ ಪಕ್ಕ ಕೂತರು. ಇಡೀ ಬೆಳಗ್ಗೆ ನನ್ನನ್ನೂ ಮಕ್ಕಳನ್ನೂ ನೋಡುತ್ತಿದ್ದರು. ನಾನು ಒಂದೇ ಲೆಕ್ಕವನ್ನು ಎರಡು ಸಲ ತಪ್ಪು ಬರೆದೆ. ಟ್ರೈನಿಂಗಿನ ಪರೀಕ್ಷೆಯಲ್ಲೂ ಹಾಗೆ ತಪ್ಪಿರಲಿಲ್ಲ.

ಮಧ್ಯಾಹ್ನ ಶಾಲೆಯ ಬಾವಿಕಟ್ಟೆಯಲ್ಲಿ ಬುತ್ತಿ ಬಿಚ್ಚಿದಾಗ ಅಕ್ಕ ಕೇಳಿದರು:

“ಎಲ್ಲಾ ಹೆಣ್ಮಕ್ಳೂ ನಿನ್ ಮುಖ ಕಾಂತೊ. ಆ ಹೆಣ್ಣೊಂದ್ ಕಾಂತಿಲ್ಲೆ. ನೀ ಹತ್ರ ಹೋರೆ ನೆಲ ಕಾಂತ್. ಎಂತಕೆ?”

“ನಾಚಿಕಿ ಅದ್ಕೆ,” ಎಂದೆ.

ಅಕ್ಕ ಉಪ್ಪಿನಕಾಯಿ ಬದಿಗೆ ಸರಿಸಿ ಊಟ ಮಾಡಿದರು. ಮತ್ತೆ ಕೇಳಲಿಲ್ಲ. ಸಂಜೆಯ ಬಸ್ಸು ಹತ್ತಿಸಿ ಬಂದು ನಾನು ಮನೆಯ ಹಿಂದೆ ನಿಂತು ಅತ್ತೆ. ಅಷ್ಟು ದೂರದಿಂದ ಹೊಳೆ ದಾಟಿ ನನಗಾಗಿ ಬಂದವರ ಎದುರು ಕೂತು ಸುಳ್ಳು ಹೇಳಿದ್ದೆ.

ಮುಂದಿನ ಆದಿತ್ಯವಾರ ಹೇಳಿದೆ. ಅವರಿಬ್ಬರ ಕೈಯಲ್ಲೂ ತುಂಬಿದ ಲೋಟ. ನಾನು ಕತ್ತು ಚಾಚಿದ್ದನ್ನು, ಕಣ್ಣು ಬಡಿದದ್ದನ್ನು, ‘ಏ, ಏ, ಏ’ ಎಂದದ್ದನ್ನು, ಕ್ಲಾಸು ನಕ್ಕದ್ದನ್ನು, ತಾಯಿಗೆ ಗೊತ್ತಿಲ್ಲವೆಂದದ್ದನ್ನು ಒಂದೊಂದಾಗಿ ಹೇಳಿದೆ. ಆ ದಿನ ನನ್ನ ಮಾತು ಓಡಲಿಲ್ಲ, ಶಬ್ದ ಶಬ್ದಕ್ಕೂ ನಿಂತು ನಿಂತು ಬಂತು. ಬೈಂದೂರಿನ ಮಾಸ್ಟರು ನಗಲಿಲ್ಲ. ಇಬ್ಬರೂ ಕಷಾಯ ಗುಟುಕು ಗುಟುಕಾಗಿ ಕುಡಿದರು. ಅಷ್ಟು ನಿಧಾನವಾಗಿ ಯಾರಾದರೂ ಕಷಾಯ ಕುಡಿದದ್ದನ್ನು ನಾನು ಕಂಡಿಲ್ಲ. ಮಾಸ್ಟರು ನನ್ನ ಹುಡುಗಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದೆ, “ನಾನ್ ಅಬ್ಬಿಗೆ ಒಂದ್ ದಿನ ಕೈ ಎತ್ತಿದ್ದೆ ಟೀಚರೇ. ಹೌದ್ ಹೌದ್ ಅಂದ್ ಕೇಂಡ್ ಕೇಂಡ್ ತಲಿ ಕೆಟ್ಟ್,” ಎಂದು ತಾಯಿಯನ್ನು ನೆನೆದು ನೆಲ ನೋಡಿದರು.

ಊಟವಾದ ಮೇಲೆ ಅಕ್ಕ ಹೇಳಿದರು: “ತಪ್ಪಾಯ್ತ್ ಅಂದ್ಹೇಳಿ ನನ್ ಹತ್ರ ಹೇಳ್ರೆ ಎಂತ ಬಂತ್? ಅದ್ರ ಹತ್ರ ಹೇಳ್. ಕರ್ದ್ ಮೂಲ್ಯಗೆ ನಿಲ್ಸ್ಕಂಡ್ ಹೇಳುದಲ್ಲ. ನಲ್ವತ್ತ್ ಮಕ್ಳ್ ಎದ್ರಿಗೆ ಮಾಡದ್ದ್, ನಲ್ವತ್ತ್ ಮಕ್ಳ್ ಎದ್ರಿಗೇ ಹೇಳ್ಕ್.”

ಈಗಿನವರಿಗೆ ಇದರ ಭಾರ ತಿಳಿಯದು. ಆ ಕಾಲದಲ್ಲಿ ಟೀಚರು ಮಗುವಿನ ಹತ್ತಿರ ತಪ್ಪಾಯಿತು ಎನ್ನುವುದೆಂದರೆ ಬೆತ್ತವನ್ನು ಅದರ ಕೈಗೇ ಕೊಟ್ಟ ಹಾಗೆ. ಸೋಮವಾರ ಹೇಳುತ್ತೇನೆಂದು ಹೋದವಳು ಗುರುವಾರದ ತನಕ ಹೇಳಲಿಲ್ಲ. ಗುರುವಾರ ಹಾಜರಿ ಕರೆದು ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು ಎದ್ದು ನಿಂತೆ. ಅವಳ ಕಡೆ ತಿರುಗಿ, ಮಳೆಗಾಲದಲ್ಲಿ ಒಂದು ದಿನ ನಾನು ನಿನ್ನನ್ನು ಅಣಕಿಸಿದೆ, ಅದು ತಪ್ಪು, ನಿನ್ನದೇನೂ ತಪ್ಪಿಲ್ಲ, ನೀವೆಲ್ಲ ನಕ್ಕದ್ದು ಕೂಡ ನನ್ನಿಂದಲೇ, ಎಂದೆ. ಇಷ್ಟು ಹೇಳುವಾಗ ಬೆವರಿನಿಂದ ನನ್ನ ರವಿಕೆ ಒದ್ದೆಯಾಗಿತ್ತು. ಪಕ್ಕದ ಕೋಣೆಯಿಂದ ಹೆಡ್‌ಮಾಸ್ಟರು ಕೇಳಿಸಿಕೊಂಡಿದ್ದರು. ಹೀಗಾದರೆ ನಾಳೆ ಮಕ್ಕಳು ತಲೆಯ ಮೇಲೆ ಕೂರುತ್ತವೆ ಎಂದು ಸಂಜೆ ನನಗೆ ಮಂಗಳಾರತಿ ಮಾಡಿದರು. ಮಾಡಲಿ ಎಂದು ಬಿಟ್ಟೆ.

ಹುಡುಗಿ ಆ ದಿನ ಮಾತಾಡಲಿಲ್ಲ. ಮರುದಿನವೂ ಇಲ್ಲ. ಹದಿನೈದು ದಿನ ಕಳೆಯಿತು. ಅವಳು ನೆಲದ ಬದಲು ಒಂದೊಂದು ಸಲ ನನ್ನ ಕೈ ನೋಡುತ್ತಿದ್ದಳು, ಅಷ್ಟೇ ಬದಲಾವಣೆ. ನಾನು ಆಸೆ ಬಿಟ್ಟಿದ್ದೆ. ಆಮೇಲೆ ಒಂದು ಮಧ್ಯಾಹ್ನ, ಉಳಿದ ಮಕ್ಕಳೆಲ್ಲ ಬಾವಿಕಟ್ಟೆಯಲ್ಲಿರುವಾಗ, ನಾನು ಸ್ಲೇಟು ತಿದ್ದುತ್ತಾ ಕೂತಿದ್ದೆ. ಅವಳು ಬಂದು ಮೇಜಿನ ಆಚೆ ನಿಂತಳು. ತುಟಿ ಸೇರಿತು. ಕತ್ತಿನ ನರ ಉಬ್ಬಿತು.

‘ಮ’ ಎಂಬ ಅಕ್ಷರ. ಅದೇ ಹಳೆಯ ಜಾಗ. ನನ್ನ ಬಾಯಿಗೆ ಮಳೆ, ಮನೆ, ಮಾವಿನಹಣ್ಣು ಎಲ್ಲ ಒಟ್ಟಿಗೆ ನುಗ್ಗಿ ಬಂದವು. ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದೆ. ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಹೊರಗೆ ರಾಟೆ ಕಿರುಗುಟ್ಟಿ ಎರಡು ಕೊಡ ನೀರು ಮೇಲೆ ಬಂದದ್ದು ಕೇಳಿಸಿತು.

“ಮ... ಮ... ಮರ್ಕಿದ್ರ್ಯಾ ಟೀಚರೇ? ನನ್ನ ಅ... ಅಣಕ್ಸಿ, ಆಮೇಲ್ ನೀವ್ ಮರ್ಕಿದ್ರ್ಯಾ?”

ಅತ್ತಿರಾ ಎಂದು ಕೇಳುತ್ತಿದ್ದಳು ಮಗು. ಏಳು ತಿಂಗಳ ಮೇಲೆ ಬಾಯಿ ಬಿಟ್ಟು ಕೇಳಿದ್ದು ನನ್ನ ಸಮಾಚಾರ. ಹೌದು ಎಂದೆ. ಅವಳು ಸ್ವಲ್ಪ ಯೋಚಿಸಿ, “ನಾ... ನಾನೂ,” ಎಂದು ಹೇಳಿ ನೀರು ಕುಡಿಯಲು ಓಡಿದಳು. ತೊದಲು ಹೋಗಿರಲಿಲ್ಲ, ಮುಂದೆಯೂ ಪೂರ್ತಿ ಹೋಗಲಿಲ್ಲ. ಆದರೆ ಆ ಮೇಲೆ ಅವಳು ಸುಮ್ಮನಾಗಲಿಲ್ಲ. ಏಳರ ಮಗ್ಗಿಯನ್ನು ಅವಳದೇ ಹೊತ್ತು ತೆಗೆದುಕೊಂಡು, ಏಳು ಹತ್ತು ಎಪ್ಪತ್ತರ ತನಕ ಹೇಳಿದಳು. ಕ್ಲಾಸು ಕಾದಿತ್ತು.

ಇನ್ನು ನನ್ನ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ.

ಏಪ್ರಿಲಿನ ಮೊದಲ ಆದಿತ್ಯವಾರ ನಾನು ಬ್ರಹ್ಮಾವರಕ್ಕೆ ನಡೆದು ಹೋದೆನೋ ಹಾರಿ ಹೋದೆನೋ. ಆ ದಿನ ಬೈಂದೂರಿನ ಮಾಸ್ಟರು ಬಂದಿರಲಿಲ್ಲ, ತಾಯಿಗೆ ಜೋರು ಜ್ವರವೆಂದು ಹೇಳಿಕಳಿಸಿದ್ದರು. ಅಕ್ಕ ಮತ್ತು ನಾನು, ಇಬ್ಬರೇ. ಗೆದ್ದದ್ದು ಬೇಡ ಎಂಬ ಕಟ್ಟಳೆಯನ್ನು ನಾನು ಗಾಳಿಗೆ ತೂರಿದೆ. ಬೆಳಗ್ಗಿನಿಂದ ಸಂಜೆಯ ತನಕ ನಾನೇ ಮಾತು. ಅವಳು ಹೇಗೆ ನಿಂತಳು, ನಾನು ಹೇಗೆ ತುಟಿ ಕಚ್ಚಿದೆ, ರಾಟೆ ಎಷ್ಟು ಸಲ ತಿರುಗಿತು, ಹೆಡ್‌ಮಾಸ್ಟರ ಮುಖ ಹೇಗಾಯಿತು. ಹೇಳಿದ್ದನ್ನೇ ಮೂರು ಸಲ ಹೇಳಿದೆ. ಅಕ್ಕ ಕಷಾಯ ಕುಡಿದು ಮುಗಿಸಿದರು, ನಾನು ನಿಲ್ಲಿಸಲಿಲ್ಲ. ಅವರು ನಗುತ್ತಾ ಕೇಳುತ್ತಿದ್ದರು. ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು.

ಬಿಸಿಲು ಇಳಿಯುತ್ತಿತ್ತು. ಕತ್ತಲಾಗುವ ಮೊದಲು ಮಾಬುಕಳದ ಕಡವು ದಾಟಬೇಕು. ನಾನು ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲ ಹೆಗಲಿಗೆ ಹಾಕಿದೆ. ಆಗ ಅಕ್ಕ ಕೂತಲ್ಲಿಂದಲೇ ಹೇಳಿದರು:

“ನಂದೂ ಒಂದ್ ಇತ್ತ್ ಮಗಾ. ಸೋತದ್ದ್. ಮದ್ರಾಸಿಂದ್. ಇಷ್ಟ್ ವರ್ಷ ಯಾರ್ ಹತ್ರೂ ಹೇಳ್ಲಿಲ್ಲೆ. ನೀ ಅವತ್ತ್ ಹೇಳದ್ ಮೇಲೆ, ನಂಗೂ ಹೇಳ್ಕ್ ಅಂದ್ಹೇಳಿ ಕಾಂತ್.”

ಅವರು ಲೋಟಕ್ಕೆ ಕಷಾಯ ಬಗ್ಗಿಸಿ ನನ್ನ ಕಡೆ ಸರಿಸಿದರು. ನಾನು ನಿಂತೇ ಇದ್ದೆ.

“ಅಯ್ಯೋ ಅಕ್ಕ, ದೋಣಿ ತಪ್ಪತ್ತ್! ಮುಂದಿನ್ ತಿಂಗ್ಳ್ ಕೇಂತೆ, ಆಯ್ತಾ? ಮೊದ್ಲಿಗೆ ನಿಮ್ದೇ.”

“ಆಯ್ತ್. ಹೋಯಿ ಬಾ,” ಎಂದರು ಅಕ್ಕ.

ನಾವು ಅಷ್ಟು ತಿಂಗಳು ಆ ಜಗಲಿಯಲ್ಲಿ ಕೂತು ನಮ್ಮ ನಮ್ಮ ಭಾರ ಇಳಿಸಿದೆವಲ್ಲ, ಒಂದು ದಿನವಾದರೂ ನಾನಾಗಲೀ ಬೈಂದೂರಿನ ಮಾಸ್ಟರಾಗಲೀ ಅಕ್ಕನಿಗೊಂದು ಸರದಿ ಕೊಟ್ಟಿರಲಿಲ್ಲ. ಅವರಿಗೂ ಒಂದು ಇರಬಹುದೆಂದು ನಮಗೆ ಹೊಳೆದೇ ಇರಲಿಲ್ಲ. ಆಸರೆಯ ಕಂಬಕ್ಕೆ ಬೆನ್ನು ಕೊಟ್ಟು ಕೂತವರು ಕಂಬದ ಕ್ಷೇಮ ವಿಚಾರಿಸುತ್ತಾರೆಯೇ?

ಮೇ ತಿಂಗಳ ಮೊದಲ ಆದಿತ್ಯವಾರ ತಮ್ಮನ ಮದುವೆಯ ಗಡಿಬಿಡಿ. ಹೋಗಲಿಲ್ಲ. ಜೂನಿನಲ್ಲಿ ಮಳೆ ಹಿಡಿಯಿತು, ಹೊಳೆ ಕೆಂಪಾಗಿ ಉಕ್ಕಿತು, ಕಡವಿಗೆ ದೋಣಿ ಹಾಕುವವರಿಲ್ಲ. ಆಗಸ್ಟಿನ ಕೊನೆಗೆ ಹೋಗಿ ನೋಡುವಾಗ ಬಾಗಿಲಿಗೆ ಬೀಗ. ಜಗಲಿಯಲ್ಲಿ ಪಾಚಿ ಕಟ್ಟಿತ್ತು. ಮೇ ತಿಂಗಳಲ್ಲೇ ಅಕ್ಕ ಬಾವಿಯ ಹತ್ತಿರ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತಂತೆ. ಬೊಂಬಾಯಿಯಲ್ಲಿ ಹೋಟೆಲಿನಲ್ಲಿದ್ದ ಅಣ್ಣನ ಮಗ ಬಂದು ಕರೆದುಕೊಂಡು ಹೋದನಂತೆ. ಅಕ್ಕ ಹೊರಟ ಹೊತ್ತಿನದನ್ನು ಚಿಕ್ಕಮ್ಮ ಹೇಳಿದಳು: “ಹೋಪತಿಗೆ ನಿನ್ನೇ ಕೇಂಡ್ರ್. ಕುಂದಾಪ್ರದ್ ಹೆಣ್ಣ್ ಬಂತಾ ಅಂದ್ಹೇಳಿ.”

ಚಿಕ್ಕಮ್ಮನಿಂದ ವಿಳಾಸ ತಂದು ಕಾಗದ ಬರೆದೆ. ಅಕ್ಕ, ನಿಮ್ಮದನ್ನು ಹೇಳಿ, ನಾನು ಕೇಳುತ್ತೇನೆ, ಎಂದು. ಎರಡು ತಿಂಗಳ ಮೇಲೆ ಒಂದು ಕಾರ್ಡು ಬಂತು. ಅಕ್ಷರ ಅಲುಗಿತ್ತು, ಸಾಲುಗಳು ಕೆಳಗಿಳಿದಿದ್ದವು. ಹುಡುಗಿ ಹೇಗಿದ್ದಾಳೆ, ಬೈಂದೂರಿನ ಮಾಸ್ಟರ ತಾಯಿಗೆ ಎರಡನೆಯ ಶಬ್ದ ಬಂತೇ ಎಂದು ಕೇಳಿದ್ದರು. ಕೊನೆಗೆ: ‘ನನ್ನದು ಕಾಗದದಲ್ಲಿ ಬರೆಯುವಂಥದ್ದಲ್ಲ. ನೀನು ಎದುರು ಕೂತಾಗ ಹೇಳುತ್ತೇನೆ. ಇಲ್ಲಿಯವರು ಒಳ್ಳೆಯವರು, ಆದರೆ ಯಾರಿಗೂ ಪುರುಸೊತ್ತಿಲ್ಲ.’

ಬೊಂಬಾಯಿಗೆ ಒಂಟಿ ಹೆಂಗಸು ಹೋಗುವುದೆಂದರೆ ಆಗ ಸುಲಭವಲ್ಲ. ಬರುವ ರಜೆಗೆ, ಅದರಾಚೆಯ ರಜೆಗೆ ಎಂದು ದಿನ ದೂಡಿದೆ. ಯುದ್ಧ ಮುಗಿಯಿತು. ಬೈಂದೂರಿನ ಮಾಸ್ಟರಿಗೆ ಕಾಸರಗೋಡಿನ ಕಡೆ ವರ್ಗವಾಯಿತು. ಅವರ ತಾಯಿ ಕೊನೆಯ ತನಕ ಹೌದ್ ಎನ್ನುತ್ತಲೇ ತೀರಿಕೊಂಡರು. ಮೂರನೆಯ ರಜೆಗೆ ಹೊರಡಲು ನಾನು ಟ್ರಂಕು ಒರೆಸಿ ಇಟ್ಟಿದ್ದಾಗ ಅಕ್ಕನ ಅಣ್ಣನ ಮಗನ ಕಾರ್ಡು ಬಂತು. ಎರಡು ಸಾಲು. ಯಾವ ಕಷ್ಟವೂ ಆಗದೆ ಹೋದರೆಂದು ಬರೆದಿದ್ದ.

ಆ ಮೇಲೆ ಎಷ್ಟೋ ಮಕ್ಕಳು ನನ್ನ ಎದುರು ಬಂದು ಕೂತರು, ದೊಡ್ಡವರೂ ಬಂದರು. ಎಷ್ಟೋ ಸಲ ಸೋತೆ. ಸೋತ ದಿನ ಸಂಜೆ ಶಾಲೆಯಿಂದ ಮನೆಗೆ ನಡೆಯುವಾಗ, ಇದನ್ನು ಅಕ್ಕನಿಗೆ ಹೀಗೆ ಹೇಳಬೇಕು ಎಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ. ಅವರು ಇಲ್ಲವೆಂಬುದು ನೆನಪಾಗುತ್ತಿದ್ದದ್ದು ಮನೆ ಮುಟ್ಟಿದ ಮೇಲೆ. ಅವರ ಸೋಲು ಏನಿತ್ತೆಂದು ಊಹಿಸಿ ಊಹಿಸಿ ಸಾಕಾಗಿದೆ. ಒಂದು ಮಗುವಿನದ್ದೇ? ನನ್ನ ಹಾಗೆಯೇ ಅವರೂ ಒಂದು ದಿನ ಯಾರನ್ನಾದರೂ ಅಣಕಿಸಿದ್ದರೇ? ಅಷ್ಟು ನೇರ ಬೆನ್ನಿನ ಹೆಂಗಸು ಅಷ್ಟು ವರ್ಷ ಏನನ್ನು ಹೊತ್ತುಕೊಂಡು ಕೂತಿದ್ದರು?

ಯಾರಿ‌ಗೂ ಹೇಳದ ಒಂದು ವಿಷಯ ಉಳಿದಿದೆ. ಆ ಏಪ್ರಿಲಿನ ಸಂಜೆ ನಾನು ಬಿರಬಿರನೆ ನಡೆದು ಕಡವಿಗೆ ಬಂದಾಗ ದೋಣಿ ಆಚೆ ದಡದಲ್ಲಿತ್ತು. ದೋಣಿಯವನು ಯಾವುದೋ ಮದುವೆ ದಿಬ್ಬಣ ಬರುತ್ತದೆಂದು ಕಾಯುತ್ತಿದ್ದ. ನಾನು ಈಚೆ ದಡದ ಕಲ್ಲಿನ ಮೇಲೆ ಕೂತು, ಹೊಳೆಯ ನೀರು ನೋಡುತ್ತಾ, ಮಾಡಲು ಬೇರೆ ಕೆಲಸವಿಲ್ಲದೆ, ಸರಿಯಾಗಿ ಒಂದು ಗಂಟೆ ಕಾದೆ.